ಅರಿವೆ ಓಣಿಯ ಹುಡುಗಿ

ನಮ್ಮೂರಿನ ಗೋಡೆಗಳು ತಾವು ಅತಿ ಹೆಚ್ಚು ಸಲ ಕೇಳಿದ್ದನ್ನು ಹೇಳುತ್ತವೆ. ಯಾರಾದರೂ ಹತ್ತಿರ ಹಾದುಹೋದರೆ ಒಮ್ಮೆ ಹೇಳಿ ಸುಮ್ಮನಾಗುತ್ತವೆ. ಬಸ್ ನಿಲ್ದಾಣದ ಗೋಡೆ "ಹಿಂದಿನ ಬಸ್ಸು ಖಾಲಿ ಐತಿ" ಎನ್ನುತ್ತದೆ. ಈಗಿನ ಕಂಡಕ್ಟರುಗಳು ಅದನ್ನು ನೆಚ್ಚಿಕೊಂಡು ಬಾಯಿ ತೆರೆಯುವುದನ್ನೇ ಬಿಟ್ಟಿದ್ದಾರೆ. ಶಾಲೆಯ ಗೋಡೆ ಏಳರ ಮಗ್ಗಿಯನ್ನು ಏಳೆಂಟ್ಲೆ ಐವತ್ತಾರರ ತನಕ ಹೇಳಿ, ಒಂದು ಸಲ ಜೋರಾಗಿ ಸೀನಿ, ನಿಂತುಬಿಡುತ್ತದೆ. ಆ ಮಾಸ್ತರು ತೀರಿಕೊಂಡು ಮೂವತ್ತು ವರ್ಷವಾಯಿತು. ಇವತ್ತಿಗೂ ನಮ್ಮೂರಿನವರಿಗೆ ಏಳೊಂಬತ್ಲೆ ಎಷ್ಟು ಎಂದು ಕೇಳಿದರೆ ಒಂದು ಕ್ಷಣ ತಡವರಿಸುತ್ತಾರೆ. ಗಂಡ ಹೆಂಡಿರು ಜಗಳಕ್ಕೆ ಹೊಲಕ್ಕೆ ಹೋಗುತ್ತಾರೆ. ಹೊಸ ಮನೆ ಕಟ್ಟಿದವರು ಮೊದಲ ತಿಂಗಳು ಒಳ್ಳೆಯ ಮಾತನ್ನಷ್ಟೇ ಆಡುತ್ತಾರೆ, ಎರಡನೆಯ ತಿಂಗಳಿಂದ ಎಲ್ಲರ ಹಾಗೆ.

ಬಟ್ಟೆ ಅಂಗಡಿಗಳ ಸಾಲಾದ ಅರಿವೆ ಓಣಿಯ ಗೋಡೆ "ಮಸಿ ಬಂತ್ರೀ, ಸರೀರಿ!" ಎನ್ನುತ್ತಿತ್ತು.

ಅದು ಒಂದು ಹುಡುಗಿಯ ದನಿ. ತೆಳ್ಳಗೆ, ತುಸು ಒಡೆದ ದನಿ. ಯಾವ ಕಾಲದ್ದೋ ನಮ್ಮ ಪೀಳಿಗೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೋಡೆಗೆ ಕಣ್ಣಿಲ್ಲ, ಹಾಗಾಗಿ ಯಾರು ನಡೆದರೂ ಹೇಳುತ್ತಿತ್ತು. ಜವಳಿ ವ್ಯಾಪಾರಿ ಗುರುಪಾದಪ್ಪ ಸಾಹುಕಾರರು ಹಾಲಿನಂಥ ಬಿಳಿ ಅಂಗಿ ತೊಟ್ಟು ನಡೆದರೂ "ಮಸಿ ಬಂತ್ರೀ" ಎನ್ನುತ್ತಿತ್ತು. ಆಗ ಜನ ನಗುತ್ತಿದ್ದರು, ಅವರೂ ನಗುತ್ತಿದ್ದರು. ನಾವು ಕಡಲಕೇರಿಯವರು ನಡೆದಾಗ ಯಾರೂ ನಗುತ್ತಿರಲಿಲ್ಲ, ಸರಿಯುತ್ತಿದ್ದರು. ಬೇಕೆಂದು ಸರಿಯುತ್ತಿದ್ದರೆಂದು ನಾನು ಹೇಳಲಾರೆ. ಆ ಕೂಗಿಗೆ ಅವರ ಕಾಲುಗಳು ಎಷ್ಟು ಪಳಗಿದ್ದವೆಂದರೆ, ಮಾತಾಡುತ್ತಲೇ, ನಗುತ್ತಲೇ, ಎಳೆಗೂಸನ್ನು ಸೊಂಟದ ಮೇಲೆ ಇಟ್ಟುಕೊಂಡೇ ಒಂದು ಹೆಜ್ಜೆ ಪಕ್ಕಕ್ಕೆ ಹಾಕಿಬಿಡುತ್ತಿದ್ದರು. ಮೋಟುಗೋಡೆಯ ಮೇಲೆ ಕೂತವರು ಕಾಲು ಮೇಲಕ್ಕೆಳೆದುಕೊಳ್ಳುತ್ತಿದ್ದರು.

ನಮ್ಮದು ಕಡುಗಪ್ಪು ಮೈ, ನೆತ್ತಿಗೆ ಅಂಟಿದ ಗುಂಗುರು ಕೂದಲು. ನಮ್ಮ ಹಿರಿಯರನ್ನು ಯಾವುದೋ ಹಡಗು ಯಾವುದೋ ದಂಡೆಗೆ ತಂದು ಇಳಿಸಿತಂತೆ, ಅಲ್ಲಿಂದ ಅವರು ನಡೆದು ಬಂದರಂತೆ. ಕಡಲು ಯಾವ ದಿಕ್ಕಿಗಿದೆ ಎಂಬುದು ಕಡಲಕೇರಿಯಲ್ಲಿ ಯಾರಿಗೂ ಗೊತ್ತಿಲ್ಲ. ಹೊರಗಿನಿಂದ ಬಂದ ಅಧಿಕಾರಿಗಳು ಇವತ್ತಿಗೂ ನನ್ನನ್ನು, "ನಿಮ್ಮದು ಯಾವ ದೇಶ?" ಎಂದು ಕೇಳುತ್ತಾರೆ. ಊರಿನ ಗ್ರಂಥಾಲಯದ ಮೇಜಿನ ಹಿಂದೆ ಕೂತು ಅವರಿಗೆ ರಸೀದಿ ಬರೆದುಕೊಡುತ್ತಾ ನಾನು ಈ ಊರಿನ ಹೆಸರನ್ನೇ ಹೇಳುತ್ತೇನೆ. ಅವರು ಮತ್ತೆ, "ಅಲ್ಲ, ಮೊದಲು?" ಎನ್ನುತ್ತಾರೆ. ಮೊದಲೂ ಇದೇ ಊರು ಎನ್ನುತ್ತೇನೆ.

ಅರಿವೆ ಓಣಿಯ ಬಗ್ಗೆ ಯಾರನ್ನು ಕೇಳಿದರೂ ಉತ್ತರ ಒಂದೇ. ಗುರುಪಾದಪ್ಪನವರು ಅದನ್ನು ಎಲ್ಲರಿಗಿಂತ ಚೆನ್ನಾಗಿ ಹೇಳುತ್ತಿದ್ದರು: "ನಾವು ಯಾವತ್ತರೇ ಬಾಯಿಬಿಟ್ಟು ಅಂದೇವೇನವ್ವಾ? ಗ್ವಾಡಿ ಅಂತೈತಿ. ಗ್ವಾಡಿ ಬಾಯಿ ಮುಚ್ಚಾಕ ನಮ್ಮ ಕೈಲೆ ಆಗತೈತೇನು?" ಹಿಂದೊಮ್ಮೆ ಕಡಲಕೇರಿಯ ಹುಡುಗರು ರೊಚ್ಚಿಗೆದ್ದು ಆ ಗೋಡೆಯ ಒಂದು ಮೂಲೆಯನ್ನು ಕೆಡವಿದ್ದರು. ಆ ಕಲ್ಲುಗಳನ್ನು ಯಾರೋ ಒಯ್ದು ಕೆರೆಯ ಮೆಟ್ಟಿಲಿಗೆ ಹಾಕಿದರು. ಅಂದಿನಿಂದ ಕೆರೆಯೂ ಅದನ್ನೇ ಹೇಳತೊಡಗಿತು. ಆಮೇಲೆ ಯಾರೂ ಕೆಡವಲು ಹೋಗಲಿಲ್ಲ.

ಈ ಕಥೆ ನನ್ನ ಅಜ್ಜಿ ಮಾರ್ತವ್ವನ ಕಣ್ಣಿನದು. ಅವಳ ಬಲಗಣ್ಣು ಹೋಗಿತ್ತು. ಎಡಗಣ್ಣಿಗೆ ಪೊರೆ ಬಂದು, ನನ್ನನ್ನು ಅವಳು ನೆರಳಿನಿಂದಲೂ ಚಪ್ಪಲಿ ಸದ್ದಿನಿಂದಲೂ ಗುರುತಿಸುತ್ತಿದ್ದಳು. ಕಣ್ಣಿನ ಡಾಕ್ಟರು ನಮ್ಮೂರಿಗೆ ವರ್ಷಕ್ಕೊಮ್ಮೆ, ನಾಲ್ಕು ದಿನಕ್ಕೆ ಬರುತ್ತಾರೆ. ಅವರು ಕೂರುವುದು ಜವಳಿ ಸಂಘದ ಸಭಾಂಗಣದಲ್ಲಿ, ಅದಿರುವುದು ಅರಿವೆ ಓಣಿಯ ತುದಿಯಲ್ಲಿ. ಶಾಲೆಯೂ ಸಂತೆಯೂ ಆ ಕಡೆಗೇ. ಅದರಾಚೆ ಹೊಳೆ, ಬೇರೆ ದಾರಿಯಿಲ್ಲ. ಅಜ್ಜಿ ಆ ಓಣಿಗೆ ಕಾಲಿಟ್ಟು ಅರವತ್ತು ವರ್ಷವಾಗಿತ್ತು. ಹಿಂದಿನ ವರ್ಷ ಆಡು ಈಯುತ್ತದೆ ಎಂದು ತಪ್ಪಿಸಿಕೊಂಡಳು, ಅದರ ಹಿಂದಿನ ವರ್ಷ ಆಡು ಸತ್ತಿತೆಂದು. ಡಾಕ್ಟರು ನನ್ನ ಕೈಯಲ್ಲಿ ಹೇಳಿ ಕಳಿಸಿದ್ದರು: ಬರುವ ವರ್ಷ ಬಂದರೆ ಉಳಿಯುತ್ತದೆ, ಅದರಾಚೆ ತಮ್ಮ ಕೈಯಲ್ಲಿಲ್ಲ.

"ಕಿವ್ಯಾಗ ಹತ್ತಿ ಇಟಗೊಂಡು ಹೋಗೂನ ಅಜ್ಜಿ, ಎರಡು ನಿಮಿಷದ ದಾರಿ," ಎಂದೆ.

"ಕಿವ್ಯಾಗ ಹತ್ತಿ ಇಟ್ರ ಎದಿಯಾಗ ಕೇಳತೈತಿ," ಎಂದಳು. "ನೋಡಿದ್ದು ಸಾಕು ಬಿಡ. ನಿನ್ನ ಮಾರಿ ನನಗ ಬಾಯಿಪಾಠ ಐತಿ."

ನನಗೆ ಸಾಕಾಗಿರಲಿಲ್ಲ. ಆ ಗೋಡೆಯ ಬಾಯಿಂದ ಆ ಮಾತನ್ನು ಕಿತ್ತು ಬೇರೆ ಮಾತು ಇಡುತ್ತೇನೆಂದು ತೀರ್ಮಾನಿಸಿದೆ. ಹೆಚ್ಚು ಸಲ ಕೇಳಿದ್ದನ್ನು ಹೇಳುತ್ತದಲ್ಲವೆ? ಹಾಗಾದರೆ ಕೇಳಿಸೋಣ. ನಾಟಕ ಮಾಡೋಣ, ತಾಲೀಮನ್ನು ಆ ಗೋಡೆಯ ಮುಂದೆಯೇ ನಡೆಸೋಣ. ನಾಟಕದ ಕೊನೆಯ ಮಾತು "ನಾವೂ ಈ ಊರವರೇ" ಎಂದಿರಲಿ. ಗ್ರಂಥಾಲಯದ ಪುಸ್ತಕಗಳನ್ನೆಲ್ಲ ಓದಿ ಮುಗಿಸಿದ ಇಪ್ಪತ್ತಾರು ವರ್ಷದವಳಿಗೆ ಇದು ಸುಲಭದ ಕೆಲಸವಾಗಿ ಕಂಡಿತು.

ಆ ಗೋಡೆಯ ಹುಡುಗಿಯನ್ನು ನಾನು ಚಿಕ್ಕಂದಿನಿಂದ ದ್ವೇಷಿಸಿದ್ದೆ. ಅವಳು ನನಗೆ ಸ್ಪಷ್ಟವಾಗಿ ಗೊತ್ತಿದ್ದಳು. ಬೆಳ್ಳಗಿನ ಮೈ, ಎರಡು ಜಡೆ, ಜಡೆಗೆ ಕೆಂಪು ರಿಬ್ಬನ್ನು, ಕೈಯಲ್ಲಿ ಸಣ್ಣ ಕನ್ನಡಿ. ಮಾಳಿಗೆಯ ಮೇಲೆ ನಿಂತು ಕೆಳಗೆ ಹೋಗುವವರನ್ನು ನೋಡಿ ಕೂಗುತ್ತಾಳೆ. ಅವಳನ್ನೇ ನಾಟಕದ ಖಳನಾಯಕಿ ಮಾಡಿದೆ. ಪಾತ್ರಕ್ಕೆ ತಾನಾಗಿ ಬಂದವಳು ಸುಮಂಗಲಾ, ಗುರುಪಾದಪ್ಪನವರ ಒಬ್ಬಳೇ ಮಗಳು. ಹತ್ತೊಂಬತ್ತು ವರ್ಷ, ಗ್ರಂಥಾಲಯಕ್ಕೆ ದಿನಾ ಬರುವವಳು. "ಅಂಜಿಲಕ್ಕಾ, ಆ ಮಾತು ಯಾರರೇ ಅನ್ನಬೇಕಲ್ಲ," ಎಂದಳು. "ನಾ ಅಂದ್ರ ನಿಮ್ಮವರು ಅನ್ನೂದು ತಪ್ಪತೈತಿ."

ತಾಲೀಮು ಮಧ್ಯಾಹ್ನ, ಅಂಗಡಿಗಳು ಊಟಕ್ಕೆ ಮುಚ್ಚಿದಾಗ. ನಾನು ಕಟ್ಟುನಿಟ್ಟಿನ ನಿರ್ದೇಶಕಿ. ಸುಮಂಗಲಾ ಒಳ್ಳೆಯ ಹುಡುಗಿ, ಅವಳ ದನಿಯಲ್ಲಿ ಹೊಲಸು ಬರುತ್ತಿರಲಿಲ್ಲ. "ಮಸಿ ಬಂತ್ರೀ, ಸರೀರಿ" ಎಂದು ದೇವರ ನಾಮದ ಹಾಗೆ ಹೇಳುತ್ತಿದ್ದಳು. "ಇನ್ನೊಮ್ಮೆ," ಎನ್ನುತ್ತಿದ್ದೆ. "ಮೂಗು ಮುರಿದು ಹೇಳು. ಇನ್ನೊಮ್ಮೆ. ಗ್ವಾಡಿಯಷ್ಟರೇ ಚೊಲೋ ಹೇಳು. ಇನ್ನೊಮ್ಮೆ." ದಿನಕ್ಕೆ ನಲವತ್ತು ಸಲ ಹೇಳಿಸುತ್ತಿದ್ದೆ. ಹದಿನೆಂಟು ದಿನ ಹಾಗೆ ನಡೆಯಿತು. ಎರಡನೆಯ ದೃಶ್ಯ ಸರಿಹೋಗದೆ ಕೊನೆಯ ದೃಶ್ಯಕ್ಕೆ ನಾವು ಹೋಗಲೇ ಇಲ್ಲ.

ಹತ್ತೊಂಬತ್ತನೆಯ ದಿನ ಬೆಳಿಗ್ಗೆ ಗುರುಪಾದಪ್ಪನವರು ಅಂಗಡಿಯ ಬೀಗ ತೆಗೆಯಲು ಓಣಿಗೆ ಬಂದರು. ಗೋಡೆ ಎಂದಿನಂತೆ ಕೂಗಿತು. ಆದರೆ ಆ ಹಳೆಯ ದನಿಯ ಬೆನ್ನಿಗೇ ಇನ್ನೊಂದು ದನಿ, ಮೂಗು ಮುರಿದು, ಚೆನ್ನಾಗಿ ಪಳಗಿದ ದನಿ, ಅದನ್ನೇ ಕೂಗಿತು. ಅವರ ಮಗಳ ದನಿ.

ಅವರು ನೇರವಾಗಿ ಗ್ರಂಥಾಲಯಕ್ಕೆ ಬಂದರು. ಬೀಗದ ಕೈ ಇನ್ನೂ ಕೈಯಲ್ಲೇ ಇತ್ತು.

"ಏನ್ ಮಾಡೀದಿ ನೀನು? ಇಡೀ ಓಣಿ ಕೇಳಾಕತ್ತೈತಿ. ನನ್ನ ಮಗಳ ದನಿ ಅದು!"

"ಗ್ವಾಡಿ ಅನ್ನಾಕತ್ತೈತ್ರಿ ಸಾವ್ಕಾರ್ರ," ಎಂದೆ. "ನೀವ ಹೇಳತಿದ್ರೆಲ್ಲ. ಗ್ವಾಡಿ ಬಾಯಿ ಮುಚ್ಚಾಕ ನಮ್ಮ ಕೈಲೆ ಆಗತೈತೇನ್ರಿ?"

"ಆಕಿ ಅಂಥಾಕಿ ಅಲ್ಲ," ಎಂದರು ಸಣ್ಣ ದನಿಯಲ್ಲಿ. ಮೇಜಿನ ಮೇಲಿದ್ದ ಪುಸ್ತಕವೊಂದನ್ನು ಎತ್ತಿ, ನೋಡಿ, ತಲೆಕೆಳಗಾಗಿ ಇಟ್ಟು ಹೋದರು.

ನಾನು ಗೆದ್ದವಳಂತೆ ಮಾತಾಡಿದ್ದೆ. ಆದರೆ ಮಧ್ಯಾಹ್ನ ಓಣಿಯಲ್ಲಿ ನಡೆದಾಗ ಆ ಎರಡೂ ದನಿ ನನ್ನ ಬೆನ್ನಿಗೂ ಬಿದ್ದವು. ಒಂದು ಕೂಗು ಇದ್ದ ಕಡೆ ಎರಡು ಮಾಡಿದವಳು ನಾನು. ಡಾಕ್ಟರು ಬರಲು ಹನ್ನೆರಡು ದಿನ ಉಳಿದಿತ್ತು.

ಮನೆಗೆ ಬಂದು ಅಜ್ಜಿಗೆ ಎಲ್ಲ ಹೇಳಿದೆ. ಅವಳು ಅಂಗಳದಲ್ಲಿ ಕೂತು ಕೈಯ ಅಂದಾಜಿನಲ್ಲೇ ಅವರೆಕಾಳು ಸುಲಿಯುತ್ತಿದ್ದಳು.

"ಆ ಹುಡುಗಿನ್ನ ಹ್ಯಾಂಗ ಮಾಡೀದಿ ನಾಟಕದಾಗ?" ಎಂದು ಕೇಳಿದಳು.

ಹೇಳಿದೆ. ಬೆಳ್ಳಗಿನ ಮೈ, ಮಾಳಿಗೆ, ಕನ್ನಡಿ, ಜಡೆಗೆ ಕೆಂಪು ರಿಬ್ಬನ್ನು.

ಅಜ್ಜಿ ನಗಲು ಶುರು ಮಾಡಿದಳು. ಮೊರದಲ್ಲಿದ್ದ ಕಾಳು ಚೆಲ್ಲುವ ಹಾಗೆ ನಕ್ಕಳು. ನಗುತ್ತಲೇ ಕಣ್ಣೊರೆಸಿಕೊಂಡಳು, ಮತ್ತೆ ಒರೆಸಿಕೊಂಡಳು. ಆಮೇಲೆ, "ರಿಬ್ಬನ್ ಇರಲಿಲ್ಲ ನನಗ," ಎಂದಳು.

ನಾನು ಚೆಲ್ಲಿದ ಕಾಳು ಆಯತೊಡಗಿದೆ.

"ಒಂಬತ್ತು ವರ್ಷದಾಕಿದ್ದೆ," ಎಂದಳು. "ಆ ಓಣ್ಯಾಗ ಇಸ್ತ್ರಿಗೂ ಬಣ್ಣದ ಒಲಿಗೂ ಇದ್ದಲಿ ಬೇಕಲ್ಲ, ತಲಿ ಮ್ಯಾಲ ಚೀಲ ಹೊತ್ತು ಹಾಕಿ ಬರತಿದ್ದೆ. ಮುಂಜಾನೆ ಒಮ್ಮೆ, ಸಂಜಿಕ ಒಮ್ಮೆ. ಓಣಿ ಎರಡೂ ಕಡೆ ಬಿಳಿ ಅರಿವಿ ಒಣಗಾಕ ಹಾಕಿರತಿದ್ರು. ಒಂದಿನ ಚೀಲ ತಾಗಿ ಒಂದು ಧೋತರಕ್ಕ ಮಸಿ ಹತ್ತಿತು. ಗುರುಪಾದಪ್ಪನ ಅಪ್ಪ ನನ್ನ ಹೊಳಿಗೆ ಕಳಿಸಿದ. ಹೊತ್ತು ಮುಣುಗೂ ತನಕ ಅದನ್ನ ಒಗದೆ, ಕೈ ಚರ್ಮ ಎದ್ದು ಬಂತು. ಮರುದಿನ ಹೇಳಿದ, ಓಣಿಗೆ ಕಾಲಿಡೂ ಮುಂಚೆ ಒದರಬೇಕು, ಮಂದಿ ಅರಿವಿ ಸರಸಿಕೋತಾರ ಅಂತ. ಏನಂತ ಒದರಬೇಕು ಅಂತ ಅವನ ಕಲಿಸಿದ. ಏಳು ವರ್ಷ ಒದರಿದೆ."

ಅವರೆಕಾಯೊಂದನ್ನು ಹಿಡಿದು, ಸುಲಿಯದೆ ಬೆರಳಲ್ಲಿ ತಿರುಗಿಸುತ್ತಿದ್ದಳು.

"ಬರೇ ಅರಿವಿ ಸರಸಾಕ ಒದರತಿದ್ದೆ, ಅಂಜಿಲಿ. ಅವರು ತಾವ ಸರಿಯಾಕ ಹತ್ತಿದ್ರು. ಚೀಲ ಇಲ್ಲದ ಹೋದ್ರೂ ಸರಿಯಾಕ ಹತ್ತಿದ್ರು. ಇಸ್ತ್ರಿಗೆ ಕರೆಂಟ್ ಬಂತು, ಇದ್ದಲಿ ಹೋತು, ನನ್ನ ದನಿ ಅಲ್ಲೇ ಉಳೀತು. ನಿಮ್ಮವ್ವ ಸಾಲಿಯಿಂದ ಅಳಕೋತ ಬರತಿದ್ಲು, ನೀನೂ ಬಂದಿ. ನಿಮ್ಮ ಬೆನ್ನಿಗೆ ಬೀಳೂ ದನಿ ನಂದು ಅಂತ ಯಾವ ಬಾಯಿಲೆ ಹೇಳಲಿ?"

ಅಂದು ಊಟ ಮಾಡುವಾಗ ನನಗೆ ಒಂಬತ್ತು ವರ್ಷದ ಒಂದು ಕಪ್ಪು ಹುಡುಗಿ ಬಾಗಿಲಲ್ಲಿ ನಿಂತ ಹಾಗೆ ಅನಿಸುತ್ತಿತ್ತು, ತಲೆಯ ಮೇಲೆ ಚೀಲವಿತ್ತು. ಇಷ್ಟು ವರ್ಷ ನಾನು ಬೈದದ್ದೆಲ್ಲ ಅವಳ ಮೇಲೆ ಬಿದ್ದಿತ್ತು.

ಮರುದಿನ ತಂಡದವರನ್ನು ಕರೆದು, ಹುಡುಗಿ ಯಾರೆಂಬುದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಹೇಳಿ, ಹಳೆಯ ನಾಟಕವನ್ನು ಹರಿದುಹಾಕಿದೆ. ಹೊಸದು ತೀರಾ ಸರಳ. ಒಬ್ಬ ಹುಡುಗಿ ಇದ್ದಿಲ ಚೀಲ ಹೊತ್ತು ಓಣಿಯ ಈ ತುದಿಯಿಂದ ಆ ತುದಿಗೆ ನಡೆಯುತ್ತಾಳೆ. ಅವಳಿಗೆ ಒಂದು ಮಾತೂ ಇಲ್ಲ. ಕೂಗುವ ಕೆಲಸ ಗೋಡೆಯದು, ಅದು ತಪ್ಪದೆ ಕೂಗುತ್ತದೆ. ಸಾಹುಕಾರ ಅವಳನ್ನು ಹೊಳೆಗೆ ಕಳಿಸುತ್ತಾನೆ. ಅವಳು ತಿರುಗಿ ಬರುತ್ತಾಳೆ, ಚೀಲ ಇನ್ನೂ ತಲೆಯ ಮೇಲೇ ಇದೆ. ನೋಡುವವರು "ಚೀಲ ಇಳಸವ್ವಾ" ಎಂದು ಹೇಳುವ ತನಕ ಅವಳು ಓಣಿಯಲ್ಲಿ ನಡೆಯುತ್ತಲೇ ಇರುತ್ತಾಳೆ. ಅಂದರೆ ನಾಟಕ ಮುಗಿಯುವುದು ಜನರ ಕೈಯಲ್ಲಿ.

"ಸಾವ್ಕಾರನ ಪಾತ್ರ ಯಾರು?" ಎಂದು ಒಬ್ಬ ಕೇಳಿದ.

"ನಮ್ಮಜ್ಜನ ಪಾತ್ರ ನಾನ ಮಾಡತೇನಿ," ಎಂದಳು ಸುಮಂಗಲಾ. "ಮನ್ಯಾಗ ಅವನ ಫೋಟೋ ಐತಿ, ಮೀಸಿ ಹ್ಯಾಂಗಿತ್ತು ಅಂತ ನನಗ ಗೊತ್ತೈತಿ."

ಚೀಲ ಹೊರುವವಳು ನಾನು. ನಿಜವಾದ ಇದ್ದಿಲು ತುಂಬಿಸಿದೆ, ಸುಳ್ಳು ಭಾರ ಹೊತ್ತರೆ ಕತ್ತು ಸುಳ್ಳು ಹೇಳುತ್ತದೆ. ದಿನಕ್ಕೆ ಐದು ಆಟ, ಹಗಲಿನಲ್ಲೇ, ಸಂತೆಗೆ ಹೋಗುವ ಬರುವ ಜನರ ನಡುವೆ. ಮೊದಲ ದಿನ ಜನ ಬಂದದ್ದು ಸಾಹುಕಾರರ ಮಗಳು ಮೀಸೆ ಹಚ್ಚಿಕೊಂಡಿದ್ದಾಳೆ ಎಂಬ ಸುದ್ದಿಗೆ. ನೋಡಿದರು, ನಕ್ಕರು. ನಾನು ಚೀಲ ಹೊತ್ತು ನಡೆದೆ. ಗೋಡೆ ಕೂಗಿತು, ಜನ ಸರಿದರು. ಮತ್ತೆ ನಡೆದೆ, ಕೂಗಿತು, ಸರಿದರು. ಆರನೆಯ ಸುತ್ತಿಗೆ ನಗು ನಿಂತಿತು. ಹತ್ತನೆಯ ಸುತ್ತಿಗೆ ನನ್ನ ಕತ್ತು ನಡುಗುತ್ತಿತ್ತು, ಬೆವರಿನಲ್ಲಿ ಮಸಿ ಇಳಿದು ಕಣ್ಣು ಉರಿಯುತ್ತಿತ್ತು. ಯಾರೂ ಬಾಯಿ ತೆರೆಯಲಿಲ್ಲ. ಮಾತು ಏನೆಂದು ಹಲಗೆಯ ಮೇಲೆ ದೊಡ್ಡದಾಗಿ ಬರೆದು ಹಾಕಿದ್ದೆವು. ಮೂಲೆಯಲ್ಲಿ ಬಳೆ ಮಾರುವ ನಿಂಬೆವ್ವ, ಇನ್ನು ತಡೆಯಲಾರದೆ, ರೇಗಿ ಒದರಿದಳು: "ಏ, ಚೀಲ ಇಳಸ ನಮ್ಮವ್ವಾ! ಸಾಯತಿ ಏನ!" ಅವಳು ಹಲಗೆ ಓದಿರಲಿಲ್ಲ, ಅವಳಿಗೆ ಓದು ಬರುವುದಿಲ್ಲ. ಆಗ ಅವಳ ಪಕ್ಕದವರು ಹೇಳಿದರು, ಅವರ ಪಕ್ಕದವರು ಹೇಳಿದರು. ನಾನು ಚೀಲ ಇಳಿಸಿದೆ.

ಮೂರನೆಯ ದಿನಕ್ಕೆ ಜನ ಎರಡನೆಯ ಸುತ್ತಿಗೇ ಒದರತೊಡಗಿದರು. ಕೆಲವರು ಮೋಜಿಗೆ ಒದರುತ್ತಿದ್ದರು, ಕೆಲವರು ನಾಟಕ ಬೇಗ ಮುಗಿದರೆ ಸಂತೆಗೆ ಹೋಗಬಹುದೆಂದು. ಒದರಿದವರೆಲ್ಲ ಒಳಗಿನಿಂದ ಬದಲಾದರು ಎಂದು ನಾನು ಹೇಳುವುದಿಲ್ಲ. ಗೋಡೆಗೆ ಅದು ಬೇಕಿರಲಿಲ್ಲ, ನನಗೂ ಬೇಕಿರಲಿಲ್ಲ. ಒಬ್ಬಳ ತಲೆಯಿಂದ ಭಾರ ಇಳಿಸಲು ಬಾಯಿ ತೆರೆಯಬೇಕೆಂಬುದು ಅವರ ಬಾಯಿಗೆ ಗೊತ್ತಾದರೆ ಸಾಕಿತ್ತು. ಗುರುಪಾದಪ್ಪನವರು ಮಾತ್ರ ಅಂಗಡಿಯ ಶಟರನ್ನು ಅರ್ಧ ಇಳಿಸಿ ಒಳಗೆ ಕೂತಿರುತ್ತಿದ್ದರು. ಅವರ ಮೊಣಕಾಲು ಮತ್ತು ಚಪ್ಪಲಿ ಕಾಣುತ್ತಿದ್ದವು. ಮಗಳು ಅವರಪ್ಪನಾಗಿ ಗುಡುಗಿದಾಗಲೆಲ್ಲ ಆ ಚಪ್ಪಲಿಗಳು ಹಿಂದಕ್ಕೆ ಸರಿಯುತ್ತಿದ್ದವು.

ಡಾಕ್ಟರು ಬಂದರು. ಒಂದು ದಿನ ಹೋಯಿತು, ಎರಡು, ಮೂರು. ಗೋಡೆಯಿಂದ ಸುಮಂಗಲಾಳ ದನಿ ಅಳಿಸಿಹೋಗಿತ್ತು. ಆದರೆ ಆ ಹಳೆಯ ದನಿ ಇನ್ನೂ ಇತ್ತು. ಏಳು ವರ್ಷದ ಕೂಗು, ಅಷ್ಟು ಸುಲಭಕ್ಕೆ ಹೋಗುವಂಥದ್ದಲ್ಲ. ನಾಲ್ಕನೆಯ ದಿನ, ಕೊನೆಯ ದಿನ, ನಾನು ಸೋತು ಮನೆಗೆ ಬಂದು ಅಜ್ಜಿಯ ಮುಂದೆ ಕೂತೆ.

"ಹೋಗಲಿಲ್ಲ ಅಜ್ಜಿ. ಇನ್ನೂ ಒದರಾಕತ್ತಾಳ. ಆದ್ರ ಒಂದು ಮಾತು. ಮೊದಲು ಒದರಿ ಸುಮ್ಮನಾಗತಿದ್ಲು. ಈಗ ಒದರಿದ ಮ್ಯಾಲ ಉಸಿರು ಹಿಡಿದ ಹಾಂಗ ಕೇಳತೈತಿ. ಯಾರೋ ಏನೋ ಅಂತಾರ ಅಂತ ಕಾಯೂವರ ಹಾಂಗ."

ಅಜ್ಜಿ ಕಂಬ ಹಿಡಿದು ಎದ್ದಳು.

"ಅರವತ್ತು ವರ್ಷ ಒಬ್ಬಾಕಿನ ನಿಂತಾಳ," ಎಂದಳು. "ನಾ ಬಿಟ್ಟು ಬಂದೇನಿ ಆಕಿನ್ನ. ನಡಿ."

ನಾವು ಓಣಿಯ ಬಾಯಿಗೆ ಬಂದಾಗ ಎರಡೂವರೆ ಗಂಟೆ. ಬಿಸಿಲಿತ್ತು, ಜನ ಇದ್ದರು. ಗುರುಪಾದಪ್ಪನವರು ಹೊಸದಾಗಿ ಬಂದ ಬಟ್ಟೆಯ ಗಂಟೊಂದನ್ನು ಹೆಗಲ ಮೇಲೆ ಹೊತ್ತು ಅಂಗಡಿಯ ಮೆಟ್ಟಿಲು ಹತ್ತುತ್ತಿದ್ದರು. ಅಜ್ಜಿ ನನ್ನ ಮೊಣಕೈ ಹಿಡಿದು ಓಣಿಯೊಳಗೆ ಒಂದು ಹೆಜ್ಜೆ ಇಟ್ಟಳು.

"ಮಸಿ ಬಂತ್ರೀ, ಸರೀರಿ!"

ಅವಳ ಉಗುರು ನನ್ನ ಕೈಯೊಳಗೆ ಇಳಿಯಿತು. ಜನ ಸರಿದರು. ಗೋಡೆ ಉಸಿರು ಹಿಡಿದು ನಿಂತಿತು. ಅಜ್ಜಿ ನನ್ನ ಕೈ ಬಿಟ್ಟು, ತಡವುತ್ತಾ ಗೋಡೆಯ ಹತ್ತಿರ ಹೋಗಿ ಅದರ ಮೇಲೆ ಅಂಗೈ ಇಟ್ಟಳು. ಕೂಗಿದವಳ ಎತ್ತರ ಎಷ್ಟಿರಬಹುದೋ ಅಷ್ಟಕ್ಕೆ ಬಾಗಿದಳು.

"ಸಾಕವ್ವಾ," ಎಂದಳು. "ಬಾಳ ಹೊತ್ತಿ. ಚೀಲ ಇಳಸವ್ವಾ."

ಅವಳು ಗಟ್ಟಿಯಾಗಿ ಹೇಳಲಿಲ್ಲ. ಆದರೂ ಓಣಿಯಲ್ಲಿ ಎಲ್ಲರಿಗೂ ಕೇಳಿಸಿತು, ಎಲ್ಲರಿಗೂ ಆ ದನಿ ಯಾರದ್ದೆಂದು ಗೊತ್ತಾಯಿತು. ಮುದಿಯಾಗಿದ್ದರೂ ಅದೇ ತೆಳ್ಳನೆಯ, ತುಸು ಒಡೆದ ದನಿ. ಎರಡನ್ನೂ ಬೇರೆ ಬೇರೆ ಕೇಳಿ ಬೆಳೆದ ನನಗೇ ಗೊತ್ತಾಗಿರಲಿಲ್ಲ, ಒಂದರ ಬೆನ್ನಿಗೊಂದು ಕೇಳಿದ ಮೇಲೆ ಅದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ನಿಂಬೆವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಗುರುಪಾದಪ್ಪನವರು ಹೆಗಲ ಮೇಲಿದ್ದ ಗಂಟನ್ನು ಮೆಟ್ಟಿಲ ಮೇಲೆ ಇಳಿಸಿದರು. ಯಾಕೆ ಇಳಿಸಿದೆನೆಂದು ಅವರಿಗೇ ಗೊತ್ತಿರಲಿಲ್ಲವೇನೋ, ಗಂಟನ್ನೊಮ್ಮೆ ನೋಡಿಕೊಂಡರು.

ಅಜ್ಜಿ ಗೋಡೆ ಹಿಡಿದು ನಡೆದಳು. ಅಂಗಡಿಯ ಮುಂದೆ ಬಂದಾಗ ಗುರುಪಾದಪ್ಪನವರ ಕಾಲು ಹಳೆಯ ಅಭ್ಯಾಸದಂತೆ ಪಕ್ಕಕ್ಕೆ ಹೋಯಿತು.

"ಸರೀಬ್ಯಾಡಪ್ಪಾ," ಎಂದಳು ಅಜ್ಜಿ, ಅವರಿದ್ದ ಕಡೆಗೆ ಮುಖ ಮಾಡಿ. "ಜಾಗ ಬೇಕಾದಷ್ಟು ಐತಿ."

ಅವರ ಕಾಲು ನಿಂತಿತು. ಏನೋ ಹೇಳಬೇಕೆಂದು ಗಂಟಲು ಸರಿಮಾಡಿಕೊಂಡರು. ಬಂದದ್ದು ಇಷ್ಟೇ: "ಡಾಕ್ಟರು ಮೂರಕ್ಕ ಎದ್ದು ಹೋಗತಾರ್ರಿ ಅವ್ವಾರ. ಲಗೂ ನಡೀರಿ." ಆಮೇಲೆ ತಾವೇ ಮುಂದೆ ಓಡಿದರು, ಸಭಾಂಗಣದ ಬಾಗಿಲಲ್ಲಿ ನಿಂತು, ಇನ್ನೂ ಒಬ್ಬರು ಬರುತ್ತಿದ್ದಾರೆ, ಪೆಟ್ಟಿಗೆ ಕಟ್ಟಬೇಡಿ ಎಂದು ಡಾಕ್ಟರಿಗೆ ಒದರುವುದು ಓಣಿಗೆಲ್ಲ ಕೇಳಿಸಿತು.

ಡಾಕ್ಟರು ಅವತ್ತೇ ಪೊರೆ ತೆಗೆದರು, ಎಡಗಣ್ಣು ಉಳಿಯಿತು. ಔಷಧಿ ಹಾಕಿಸಿಕೊಳ್ಳಲು ಅಜ್ಜಿ ಒಂದೂವರೆ ತಿಂಗಳು ದಿನಾ ಸಭಾಂಗಣಕ್ಕೆ, ಡಾಕ್ಟರು ಬಿಟ್ಟುಹೋಗಿದ್ದ ನರ್ಸಿನ ಬಳಿಗೆ ಹೋಗಬೇಕಾಯಿತು. ಹೋಗುವಾಗೊಮ್ಮೆ ಬರುವಾಗೊಮ್ಮೆ ಗೋಡೆಯ ಮೇಲೆ ಕೈಯಿಟ್ಟು ಅದೇ ಮಾತು ಹೇಳುತ್ತಿದ್ದಳು. ಅವಳು ಹೇಳುವುದನ್ನು ಕೇಳಿ ಬೇರೆಯವರೂ ಹೇಳುತ್ತಿದ್ದರು, ಹುಡುಗಿಯರು ಶಾಲೆಗೆ ಹೋಗುವಾಗ ಹೇಳುತ್ತಿದ್ದರು, ಸುಮಂಗಲಾ ಅಂಗಡಿಯ ಬಾಗಿಲು ತೆಗೆಯುವಾಗ ಹೇಳುತ್ತಿದ್ದಳು. ಒಂದು ಸೋಮವಾರ ಬೆಳಿಗ್ಗೆ ನಾನು ಗ್ರಂಥಾಲಯದ ಪುಸ್ತಕದ ಕಟ್ಟು ಹೊತ್ತು ಆ ಓಣಿಯಲ್ಲಿ ಬಂದಾಗ ಗೋಡೆ "ಚೀಲ ಇಳಸವ್ವಾ" ಎಂದಿತು, ಅಜ್ಜಿಯ ಈಗಿನ ದನಿಯಲ್ಲಿ. ನಾನು ಕಟ್ಟು ಇಳಿಸಿ ಅದರ ಮೇಲೆ ಕೂತೆ. ಸ್ವಲ್ಪ ಹೊತ್ತು ಕೂತೇ ಇದ್ದೆ.

ಈಗ ಅರಿವೆ ಓಣಿಯಲ್ಲಿ ಹೊರೆ ಹೊತ್ತು ಬಂದವರೆಲ್ಲ ಅಲ್ಲಿ ಒಂದು ಗಳಿಗೆ ಹೊರೆ ಇಳಿಸಿ ನಿಲ್ಲುತ್ತಾರೆ. ಬೇಕೆಂದು ಇಳಿಸುತ್ತಾರೆಂದು ನಾನು ಹೇಳಲಾರೆ, ಕೈಗಳು ಪಳಗಿಬಿಟ್ಟಿವೆ. ಪರವೂರಿನ ಹಮಾಲರು ಯಾರು ಕರೆದರೆಂದು ಸುತ್ತ ನೋಡುತ್ತಾರೆ. ಆಗ ಸಾಹುಕಾರರ ಅಂಗಡಿಯಿಂದ ಒಂದು ಚೊಂಬು ನೀರು ಬರುತ್ತದೆ.

ಅಜ್ಜಿಯ ಕನ್ನಡಕ ಬರಲು ಮತ್ತೆ ಕೆಲವು ವಾರ ಹಿಡಿಯಿತು. ಬಂದ ದಿನ ಅದನ್ನು ಹಾಕಿಸಿ ಅವಳನ್ನು ಓಣಿಗೆ ಕರೆತಂದೆ. ಗೋಡೆ ತನ್ನ ಮಾತು ಹೇಳಿತು. ಅಜ್ಜಿಯ ಕೈಯಲ್ಲಿ ಏನೂ ಇರಲಿಲ್ಲ, ಆದರೂ ನಿಂತಳು. ದಪ್ಪ ಗಾಜಿನ ಹಿಂದೆ ದೊಡ್ಡದಾಗಿ ಕಾಣುತ್ತಿದ್ದ ಆ ಒಂದು ಕಣ್ಣಿನಿಂದ ಗೋಡೆಯನ್ನು ಬುಡದಿಂದ ನೋಡುತ್ತಾ ಬಂದಳು. ನೋಟ ಬೇಗನೆ ಮುಗಿದುಹೋಯಿತು. ಗೋಡೆ ಅವಳ ಭುಜದ ತನಕವೂ ಬರುತ್ತಿರಲಿಲ್ಲ. ಅದರಾಚೆ ಹೊಳೆ ಕಾಣುತ್ತಿತ್ತು.

"ಇಷ್ಟ ಗಿಡ್ಡ ಐತೇನ ಈ ಗ್ವಾಡಿ?" ಎಂದಳು ಅಜ್ಜಿ. "ಆವಾಗ ಚೀಲ ಹೊತ್ತು ತಲಿ ಎತ್ತಾಕ ಆಗತಿರಲಿಲ್ಲ ನೋಡು."